ಚಿಪ್ ವಿದ್ಯೆಯ ಬಾಗಿಲು ತೆರೆದವರು

ಎಲೆಕ್ಟ್ರಾನಿಕ್ಸೋ ಕಂಪ್ಯೂಟರ್ ಸೈನ್ಸೋ ಓದಿದವರಿಗೆ ಆಂಡ್ ಗೇಟು, ಆರ್ ಗೇಟು, ಫ್ಲಿಪ್-ಫ್ಲಾಪು ಎಲ್ಲ ಗೊತ್ತೇ ಇರುತ್ತೆ. ಆದರೆ ಅವನ್ನು ಜೋಡಿಸಿ, ತಮ್ಮದೇ ಚಿಪ್ ಮಾಡಿಸಿ ಕೈಯಲ್ಲಿ ಹಿಡಿಯೋದು 1970ರ ದಶಕದ ವಿದ್ಯಾರ್ಥಿಗಳಿಗೆ ದೂರದ ಮಾತು. ಆ ವಿದ್ಯೆ ದೊಡ್ಡ ಕಂಪನಿಗಳ ಗೋಡೆಯೊಳಗಿತ್ತು. ಅದನ್ನ ಹೊರಗೆ ತಂದವರಲ್ಲಿ ಒಬ್ಬರನ್ನ ಅಂಥದೇ ಕಂಪನಿಯೊಂದು ಹೊರಗೆ ಹಾಕಿತ್ತು. ಈ ಚರಿತ್ರೆಯಲ್ಲಿ ನನ್ನನ್ನು ಕಾಡೋದು ಅದೇ.

ಅವರು ಅಮೆರಿಕದ ಲಿನ್ ಕಾನ್ವೇ. 1964ರಲ್ಲಿ ಐಬಿಎಂ ಸೇರಿದರು. ಪ್ರೊಸೆಸರ್ ಒಂದೇ ಸಲಕ್ಕೆ ಹಲವು ಸೂಚನೆಗಳನ್ನ, ಬಂದ ಸಾಲನ್ನೂ ಮೀರಿ ನಡೆಸುವ ವಿಧಾನ ರೂಪಿಸಿದರು. ದರ್ಶಿನಿಯಲ್ಲಿ ನಿಮ್ಮ ದೋಸೆ ಬೇಯೋತನಕ ಹಿಂದಿನವರಿಗೆ ಇಡ್ಲಿ ಕೊಟ್ಟು ಕಳಿಸ್ತಾರಲ್ಲ, ಹಾಗೆ. ಹೆಣ್ಣಾಗಿ ಬದುಕಲು ಹೊರಟಿದ್ದು ತಿಳಿದಾಗ, 1968ರಲ್ಲಿ, ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಹೊಸ ಹೆಸರು, ಮತ್ತೆ ಮೊದಲಿಂದ ಬದುಕು. ಹಳೆಯ ಸಾಧನೆಯ ಬಗ್ಗೆ ಬಾಯಿ ಬಿಡುವಂತಿರಲಿಲ್ಲ.

1973ರಲ್ಲಿ ಜೆರಾಕ್ಸ್ ಪಾರ್ಕ್ ಸೇರಿದ ಕಾನ್ವೇ, ಕ್ಯಾಲ್‌ಟೆಕ್‌ನ ಕಾರ್ವರ್ ಮೀಡ್ ಜೊತೆ ಚಿಪ್ ವಿನ್ಯಾಸದ ನಿಯಮಗಳನ್ನ ಸರಳ ಮಾಡಿದರು. ತಂತಿಯ ಅಗಲ, ನಡುವಿನ ಅಂತರ ಎಲ್ಲಕ್ಕೂ 'ಲ್ಯಾಂಬ್ಡಾ' ಅನ್ನುವ ಒಂದೇ ಅಳತೆ. ನಾಳೆ ಫ್ಯಾಕ್ಟರಿ ಇನ್ನೂ ಸಣ್ಣದಾಗಿ ಕೆತ್ತುವಂತಾದರೆ ಲ್ಯಾಂಬ್ಡಾ ಎಷ್ಟು ಅನ್ನೋದನ್ನ ಬದಲಿಸಿದರಾಯ್ತು. ಫ್ಯಾಕ್ಟರಿಯ ಒಳಗುಟ್ಟು ಗೊತ್ತಿಲ್ಲದವರೂ ಚಿಪ್ಪಿನ ನಕ್ಷೆ ಬರೆಯಬಹುದು.

1978ರಲ್ಲಿ ಎಂಐಟಿಯಲ್ಲಿ ಇದನ್ನೇ ಪಾಠ ಮಾಡಿದರು. ಅರ್ಧ ಅವಧಿ ಕಲಿಕೆ, ಇನ್ನರ್ಧ ಸ್ವಂತ ಚಿಪ್. ಒಬ್ಬೊಬ್ಬರಿಗೂ ಬೇರೆ ಬೇರೆ ಸಿಲಿಕಾನ್ ಬಿಲ್ಲೆ ಮಾಡಿಸಿದರೆ ಖರ್ಚು ತಡೆಯೋಕಾಗಲ್ಲ. ಹಾಗಾಗಿ, ಮದುವೆಗೆ ಒಂದೇ ವ್ಯಾನು ಮಾಡಿಕೊಂಡು ಬಾಡಿಗೆ ಹಂಚಿಕೊಂಡಂತೆ, ಎಲ್ಲರ ನಕ್ಷೆಗಳೂ ಒಂದೇ ಬಿಲ್ಲೆಯಲ್ಲಿ. ಕೋರ್ಸ್ ಮುಗಿದ ಕೆಲವೇ ವಾರಗಳಲ್ಲಿ ಚಿಪ್ಪುಗಳು ಕೈಸೇರಿದವು. ಗೈ ಸ್ಟೀಲ್ ಅನ್ನುವ ವಿದ್ಯಾರ್ಥಿ ಲಿಸ್ಪ್ ಭಾಷೆಗೆಂದೇ ಒಂದು ಪ್ರೊಸೆಸರ್ ವಿನ್ಯಾಸ ಮಾಡಿದ್ದ! ಮರುವರ್ಷ 12 ವಿಶ್ವವಿದ್ಯಾಲಯಗಳು ಅರ್ಪಾನೆಟ್ ಮೂಲಕ ನಕ್ಷೆ ಕಳಿಸಿದವು. ಅದರಲ್ಲಿ ಪಾಲ್ಗೊಂಡ ಸ್ಟ್ಯಾನ್‌ಫರ್ಡ್‌ನ ಜಿಮ್ ಕ್ಲಾರ್ಕ್ ಮುಂದೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ಕಟ್ಟಿದರು. ಮೀಡ್-ಕಾನ್ವೇ ಪುಸ್ತಕ 1980ರಲ್ಲಿ ಬಂದು ಕಾಲೇಜು ಕಾಲೇಜಿಗೆ ಹಬ್ಬಿತು.

ಪುಸ್ತಕದ ಮೇಲೆ ಹೆಸರಿದ್ದರೂ ಐಬಿಎಂ ದಿನಗಳ ಕೆಲಸ ತಮ್ಮದೆಂದು ಕಾನ್ವೇ ಹೇಳಿಕೊಂಡಿರಲಿಲ್ಲ. 1990ರ ದಶಕದ ಕೊನೆಗೆ ತಮ್ಮ ಕಥೆ ತಾವೇ ತೆರೆದಿಟ್ಟರು. ಐಬಿಎಂ ಕ್ಷಮೆ ಕೇಳಿದ್ದು 2020ರಲ್ಲಿ, ಅಂದರೆ 52 ವರ್ಷ ತಡವಾಗಿ. 2024ರಲ್ಲಿ ಕಾನ್ವೇ ತೀರಿಕೊಂಡರು, 86ರ ವಯಸ್ಸಿನಲ್ಲಿ. ಹಲವರ ನಕ್ಷೆಗಳನ್ನ ಒಂದೇ ಬಿಲ್ಲೆಗೆ ಸೇರಿಸಿ ಖರ್ಚು ಹಂಚಿಕೊಳ್ಳುವ ಪದ್ಧತಿಯಲ್ಲೇ ಇವತ್ತಿಗೂ ವಿದ್ಯಾರ್ಥಿಗಳ ಮೊದಲ ಚಿಪ್ ತಯಾರಾಗೋದು.