ಗೇರುಸಿಪ್ಪೆಯ ಎಣ್ಣೆ

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಬಸ್ಸು ಅರಬೈಲ್ ಘಟ್ಟ ಇಳಿಯುವಾಗ ನಮ್ಮ ಜೀವ ಬ್ರೇಕಿನ ಮೇಲಿರುತ್ತದೆ. ವಾಹನಗಳ ಬ್ರೇಕ್ ಲೈನಿಂಗಿನಲ್ಲಿ ಬಹುಕಾಲದಿಂದ ಬಳಸುವ ಒಂದು ಪುಡಿ ತಯಾರಾಗುವುದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ. ಧಾರವಾಡದಲ್ಲಿ ಕೂತು ಕರಾವಳಿಯ ಗೇರು ಉದ್ಯಮದ ಚರಿತ್ರೆ ಬರೆಯಹೊರಟ ನನಗೆ ಇದು ಗೊತ್ತಾದದ್ದು ತಡವಾಗಿ.

ಗೇರು ಈ ನೆಲದ್ದಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ಆದರೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ನಮ್ಮ ಕಾಡಿನ ಕರಿಗೇರಿಗೂ ಇದೇ ಹೆಸರು. ಎರಡೂ ಒಂದೇ ಕುಟುಂಬದ ಮರಗಳು, ಎರಡರ ಸಿಪ್ಪೆಯ ರಸವೂ ಚರ್ಮ ಸುಡುತ್ತದೆ. ಹೊಸ ಮರಕ್ಕೆ ಹಳೆಯ ಹೆಸರಿಟ್ಟವರು ಈ ನಂಟನ್ನು ಸಸ್ಯಶಾಸ್ತ್ರಜ್ಞರಿಗಿಂತ ಮೊದಲೇ ಕಂಡಿರಬೇಕು ಎಂಬುದು ನನ್ನ ಊಹೆ.

1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಬೇಕಲೈಟ್ ಮಾಡಿದ. ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳು ಅದರವೇ. ಅದರೊಳಗಿನ ಅಣುಸರಪಳಿಗಳು ಒಂದಕ್ಕೊಂದು ಅಡ್ಡಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕಾಸಿದರೂ ಕರಗುವುದಿಲ್ಲ. ಆಗ ಫಿನಾಲ್ ಸಿಗುತ್ತಿದ್ದದ್ದು ಕಲ್ಲಿದ್ದಲಿನ ಡಾಂಬರಿನಿಂದ. ಗೇರುಸಿಪ್ಪೆಯ ಎಣ್ಣೆಯಲ್ಲಿರುವುದೂ ಫಿನಾಲಿನ ದಾಯಾದಿಗಳೇ. ಬೀಜ ಹುರಿದಾಗ ಬರುವ ಕಾರ್ಡನಾಲ್ ಅಂದರೆ 15 ಇಂಗಾಲಗಳ ಉದ್ದ ಬಾಲವಿರುವ ಫಿನಾಲ್. ಆ ಬಾಲದಿಂದ ರಾಳಕ್ಕೆ ತುಸು ಮೆದುತನ ಬರುತ್ತದೆ. ಅಮೆರಿಕದ ಮಾರ್ಟಿಮರ್ ಹಾರ್ವೆ 1920–30ರ ದಶಕಗಳಲ್ಲಿ ಈ ಎಣ್ಣೆಯ ಮೇಲೆ ಸಾಲುಸಾಲು ಪೇಟೆಂಟ್ ಪಡೆದ. ಮಂಗಳೂರಿನಲ್ಲಿ ಗೇರು ಕಾರ್ಖಾನೆಗಳು ಎದ್ದದ್ದೂ 1920ರ ದಶಕದಲ್ಲೇ. ಬೀಜವನ್ನು ಅದರ ಸಿಪ್ಪೆಯದೇ ಕಾದ ಎಣ್ಣೆಯಲ್ಲಿ ಮುಳುಗಿಸಿ ಹುರಿಯುವ ವಿಧಾನ ಬಂದಮೇಲೆ, ಬೆಂಕಿಯಲ್ಲಿ ಉರಿದುಹೋಗುತ್ತಿದ್ದ ಎಣ್ಣೆ ಪೀಪಾಯಿ ಸೇರಿತು.

ಪೇಟೆಂಟಿನಲ್ಲಿ ಬಾರದ ಸಂಗತಿ ಬೇರೆಯಿದೆ. ಬೀಜ ಒಡೆಯುವ ಕೆಲಸ ಹೆಚ್ಚಾಗಿ ಹೆಂಗಸರದು. ಬೂದಿಯನ್ನೋ ಹರಳೆಣ್ಣೆಯನ್ನೋ ಸವರಿಕೊಂಡು ಕೂತರೂ ಬೆರಳು ಕಪ್ಪಾಗಿ ಚರ್ಮ ಸುಲಿಯುತ್ತಿತ್ತು. ಈಗ ಯಂತ್ರ, ಕೈಗವಸು ಬಂದಿವೆ, ಎಲ್ಲೆಡೆ ಅಲ್ಲ. ಪೆಟ್ರೋಲಿಯಂ ಬಿಟ್ಟು ಗಿಡಮರಗಳಿಂದಲೇ ಪ್ಲಾಸ್ಟಿಕ್ ಮಾಡಬೇಕೆನ್ನುವ ಇಂದಿನ ರಸಾಯನಶಾಸ್ತ್ರದ ಲೇಖನಗಳಲ್ಲಿ ಕಾರ್ಡನಾಲ್ ಮತ್ತೆಮತ್ತೆ ಎದುರಾಗುತ್ತದೆ: ಎಸೆಯುವ ಸಿಪ್ಪೆಯಿಂದ ಬಂದದ್ದು, ಅನ್ನಕ್ಕೆ ಪೈಪೋಟಿಯಿಲ್ಲ ಎಂಬ ಹೊಗಳಿಕೆಯೊಡನೆ. ಒಪ್ಪುತ್ತೇನೆ. ಆದರೆ ಓದುತ್ತಿದ್ದರೆ ಸಿಪ್ಪೆ ತಾನಾಗಿಯೇ ಬಿಡಿಸಿಕೊಂಡು ಬಂದಂತೆ ಅನಿಸುತ್ತದೆ.

ನನ್ನ ಮಹಾಪ್ರಬಂಧದ ಮೂರನೆಯ ಅಧ್ಯಾಯ ಹಾರ್ವೆಯ ಪೇಟೆಂಟುಗಳಿಂದ ಶುರುವಾಗಿತ್ತು. ಈಗ ಆ ಪುಟಗಳನ್ನು ತೆಗೆದಿಟ್ಟು, ಬೀಜ ಒಡೆಯುವವರ ಸಾಲಿನಿಂದ ಮತ್ತೆ ಬರೆಯುತ್ತಿದ್ದೇನೆ.