ಶಾಸನದ ಸ್ತ್ರೀಯರೂ ಸಂತೃಪ್ತಿಯ ಪ್ರಶ್ನೆಯೂ

ಸ್ತ್ರೀಯು ಸುಖಿಯಾಗಿರುವಳೇ ಎಂಬುದನ್ನು ಅವಳನ್ನೇ ಕೇಳಿ ತಿಳಿಯುವ ಪದ್ಧತಿ ತೀರ ಈಚಿನದು. ಅಮೆರಿಕೆಯಲ್ಲಿ 1972ರಿಂದ ನಡೆದುಬಂದ ಸಮೀಕ್ಷೆಗಳನ್ನು ಆಧರಿಸಿ ಬೆಟ್ಸಿ ಸ್ಟೀವನ್‌ಸನ್ ಮತ್ತು ಜಸ್ಟಿನ್ ವುಲ್ಫರ್ಸ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಪ್ರಬಂಧವು ವಿಚಿತ್ರವಾದ ಸಂಗತಿಯೊಂದನ್ನು ಮುಂದಿಟ್ಟಿತು. ವಿದ್ಯೆ, ಉದ್ಯೋಗ, ಹಕ್ಕುಗಳು ಹೆಚ್ಚಿದ ಅದೇ ದಶಕಗಳಲ್ಲಿ ಸ್ತ್ರೀಯರು ತಾವಾಗಿ ಹೇಳಿಕೊಂಡ ಸಂತೋಷವು ಕುಗ್ಗಿತ್ತು. ಪ್ರಬಂಧಕಾರರು ಇದಕ್ಕೆ ಇಂಥದೇ ಕಾರಣವೆಂದು ನಿರ್ಧರಿಸಿ ಹೇಳಲಿಲ್ಲ. ಆದರೂ ಹೆಣ್ಣು ಹೊಸ್ತಿಲು ದಾಟಿದ್ದೇ ದುಃಖಕ್ಕೆ ಮೂಲವೆಂದು ತೀರ್ಪು ಕೊಡುವವರಿಗೆ ಕೊರತೆಯಿಲ್ಲ. ಅಂಥವರು ಕನ್ನಡನಾಡಿನ ಜೈನ ಶಾಸನಗಳನ್ನು ಒಮ್ಮೆ ನೋಡುವುದು ಒಳಿತು.

ಇಂದಿನ ಬೆಂಗಳೂರಿನ ಸೀಮೆಯು ಒಂದು ಕಾಲಕ್ಕೆ ಗಂಗರ ನಾಡು. ಆ ರಾಜ್ಯದ ಸ್ಥಾಪನೆಗೆ ಸಿಂಹನಂದಿ ಆಚಾರ್ಯರು ನೆರವಾದರೆಂಬುದು ಪರಂಪರೆಯ ಮಾತು. ಹೆಬ್ಬಾಳದಲ್ಲಿ ದೊರೆತ 8ನೆಯ ಶತಮಾನದ ವೀರಗಲ್ಲು ಶ್ರೀಪುರುಷನ ಕಾಲದಲ್ಲಿ ಕಾದಿ ಮಡಿದ ಕಿತ್ತಯ್ಯನದು. ನಗರದ ಇನ್ನೊಂದು ತುದಿಯ ಬೇಗೂರಿನಲ್ಲಿ ನಾಗತ್ತರನ ಮಗಳು ತೊಂಡಬ್ಬೆಯ ನಿಸಿಧಿ ಇದೆ. ಒಬ್ಬನು ಯುದ್ಧದಲ್ಲಿ ಮಡಿದನು, ಇನ್ನೊಬ್ಬಳು ವ್ರತದಿಂದ ದೇಹ ಬಿಟ್ಟಳು. ಇಬ್ಬರ ಹೆಸರೂ ಕಲ್ಲಿನಲ್ಲಿ ಉಳಿಯಿತು. ಆದರೆ ಅವರ ಮನಸ್ಸು ಹೇಗಿತ್ತೆಂದು ಕಲ್ಲು ಹೇಳದು.

ಅದನ್ನು ಸ್ವಲ್ಪಮಟ್ಟಿಗೆ ಹೇಳುವುದು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ. 10ನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡನು. ಆ ಪದವಿಯು ಅವನ ಪತ್ನಿ ಜಕ್ಕಿಯಬ್ಬೆಗೆ ದೊರೆಯಿತು. ಎಪ್ಪತ್ತು ಹಳ್ಳಿಗಳ ಆಡಳಿತವೆಂದರೆ ಕೇವಲ ಗೌರವದ ಹೆಸರಲ್ಲ. ತೆರಿಗೆ, ನ್ಯಾಯ, ರಕ್ಷಣೆ ಎಲ್ಲವೂ ಅದರೊಳಗೆ ಸೇರಿದ್ದವು. ಶಾಸನವು ಅವಳ ಆಡಳಿತದ ಜಾಣ್ಮೆಯನ್ನೂ ಪರಾಕ್ರಮವನ್ನೂ ಜಿನಶಾಸನದ ಭಕ್ತಿಯನ್ನೂ ಒಂದೇ ಉಸಿರಿನಲ್ಲಿ ಹೊಗಳುತ್ತದೆ. ಹೆಣ್ಣಾಗಿದ್ದೂ ಹಾಗೆ ಆಳಿದಳೆಂದು ಸೇರಿಸುವುದನ್ನು ಮಾತ್ರ ಅದು ಮರೆಯುವುದಿಲ್ಲ! ಬಳಿಕ ದೇಹವನ್ನು ರೋಗ ಆವರಿಸಿದಾಗ, ಸಂಸಾರದ ಭೋಗಗಳು ಸಾರವಿಲ್ಲದವೆಂದು ಬಗೆದು, ಮಗಳನ್ನು ಕರೆಸಿ ತನ್ನದೆಲ್ಲವನ್ನೂ ಅವಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ವ್ರತ ಸ್ವೀಕರಿಸಿ ದೇಹತ್ಯಾಗ ಮಾಡಿದಳು. ಇಲ್ಲಿ ಗಮನಿಸಬೇಕಾದುದು ಕ್ರಮ. ಮೊದಲು ಕರ್ತವ್ಯ, ಆಮೇಲೆ ರೋಗ, ಆಮೇಲೆ ಹೊಣೆಯ ಹಸ್ತಾಂತರ, ಕೊನೆಗೆ ವ್ರತ. ಅಧಿಕಾರವು ಅವಳನ್ನು ದುಃಖಿಯಾಗಿಸಿತೆನ್ನಲು ಶಾಸನದಲ್ಲಿ ಆಧಾರವಿಲ್ಲ.

ಅತ್ತಿಮಬ್ಬೆಯ ಕಥೆ ಎಲ್ಲರೂ ಬಲ್ಲದ್ದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಸಿದವಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು. ಅಷ್ಟಾಗಿ ನೆನೆಯದ ಸಂಗತಿ ಅವಳ ತಂಗಿ ಗುಂಡಮಬ್ಬೆಯದು. ಅಕ್ಕತಂಗಿಯರಿಬ್ಬರೂ ನಾಗದೇವನನ್ನು ವರಿಸಿದ್ದರು. ಅವನು ಸತ್ತಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನನ್ನು ಸಾಕಿಕೊಂಡು ಬದುಕಿ ಉಳಿದಳು. ಒಂದೇ ಮನೆ, ಒಂದೇ ಧರ್ಮ, ಒಂದೇ ಶೋಕ, ಆಯ್ಕೆಗಳು ಎರಡು. ಇಂದು ಸಮಾಜವು ಅಭಿಮಾನದಿಂದ ಸ್ಮರಿಸುವ ದಾನಚಿಂತಾಮಣಿಯು ಬದುಕನ್ನು ಆರಿಸಿಕೊಂಡವಳು.

ಇನ್ನು ಹೊಯ್ಸಳರ ಕಾಲದ ಮನೆಯೊಂದನ್ನು ನೋಡಬಹುದು. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ, ಪತಿ ವಿಷ್ಣುವರ್ಧನನ ಹೆಸರು ವೈಷ್ಣವ ಪರಂಪರೆಯೊಂದಿಗೆ ಬೆಸೆದುಕೊಂಡಿದೆ. ಶಾಂತಲೆ ಕಡೆಯವರೆಗೂ ತನ್ನ ಮತವನ್ನು ತಾನೇ ಉಳಿಸಿಕೊಂಡಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಅವಳು ಕಟ್ಟಿಸಿದ ಸವತಿಗಂಧವಾರಣ ಬಸದಿಯು ಅದಕ್ಕೆ ಸಾಕ್ಷಿ. 1131ರಲ್ಲಿ ಅವಳು ತೀರಿಕೊಂಡುದು ಶಿವಗಂಗೆಯಲ್ಲಿ. ಯಶವಂತಪುರದಿಂದ ನೆಲಮಂಗಲದ ದಾರಿ ಹಿಡಿದು ಹೋಗುವವರಿಗೆ ಆ ಬೆಟ್ಟ ಪರಿಚಿತ. ಮಗಳು ಸ್ವರ್ಗಸ್ಥಳಾದ ಬಳಿಕ ತಾನಿನ್ನು ಇರಲಾರೆನೆಂದು ನುಡಿದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಅಲ್ಲಿ ಒಂದು ತಿಂಗಳು ಉಪವಾಸವಿದ್ದು, ಪಂಚಪದಗಳನ್ನು ಜಪಿಸುತ್ತ, ಬಂಧುಗಳನ್ನು ಬೀಳ್ಕೊಟ್ಟು ದೇಹ ಬಿಟ್ಟಳೆಂದು ಶಾಸನ ವಿವರಿಸುತ್ತದೆ.

ಆ ಒಂದು ನುಡಿಯು ಶಾಸನಗಳ ಪ್ರಶಸ್ತಿಯ ಮಾತಿನ ನಡುವೆ ಅಪರೂಪದ್ದು. ಅದು ತಾಯಿಯೊಬ್ಬಳು ತನ್ನ ಅಂತರಂಗವನ್ನು ಕುರಿತು ಹೇಳಿದ ಮಾತು. ಅದೇ ನುಡಿಯು ನೀತಿಶಾಸ್ತ್ರದ ದೃಷ್ಟಿಯಿಂದ ತೊಡಕಿನದೂ ಹೌದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನಕ್ಕೆ ಹೇಳುವ ಸಂದರ್ಭಗಳು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಪುತ್ರಶೋಕವು ಆ ಪಟ್ಟಿಯಲ್ಲಿಲ್ಲ. ಅಷ್ಟೇ ಅಲ್ಲ, ಬದುಕುವ ಆಸೆಯಂತೆ ಸಾಯುವ ಆಸೆಯೂ ಆ ವ್ರತಕ್ಕೆ ಅತಿಚಾರ. ಜಕ್ಕಿಯಬ್ಬೆಯದು ಶಾಸ್ತ್ರಕ್ಕೆ ಸರಿಯಾಗಿ ಒಪ್ಪುವ ನಿರ್ಧಾರ. ಮಾಚಿಕಬ್ಬೆಯದು ಶೋಕದಿಂದ ಮೊದಲಾಗಿ ವ್ರತದಲ್ಲಿ ಮುಗಿದುದು. ಮುಪ್ಪೂ ಜತೆಗಿದ್ದಿರಬಹುದು. ಶಿಲ್ಪಿಯು ಎರಡನ್ನೂ ಒಂದೇ ಬಗೆಯ ಅಕ್ಷರಗಳಲ್ಲಿ ಕೊರೆದನು. ಓದುವವರು ಮಾತ್ರ ಎರಡನ್ನೂ ಒಂದೇ ಎಂದು ಭಾವಿಸಬೇಕಾಗಿಲ್ಲ.

ಈ ವಿವೇಚನೆ ಹಳೆಯ ಕಲ್ಲುಗಳಿಗಷ್ಟೇ ಸಂಬಂಧಿಸಿದ್ದಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ಸಮಾಜವು ದೇಶದಾದ್ಯಂತ ಮೌನ ಮೆರವಣಿಗೆ ನಡೆಸಿತು. ಅದೇ ತಿಂಗಳು 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಅಂದು ಸಮಾಜದ ಮುಖ್ಯ ವಾದವೆಂದರೆ ಇದು ಸ್ವಂತ ಇಚ್ಛೆಯ ವ್ರತ ಎಂಬುದೇ. ಮರುವರ್ಷ ಹೈದರಾಬಾದಿನಲ್ಲಿ 68 ದಿನಗಳ ಉಪವಾಸದ ಬಳಿಕ ಬಾಲಕಿಯೊಬ್ಬಳು ಮೃತಳಾದಾಗ ಆ ವಾದವೇ ಸಮಾಜದ ಕಡೆಗೆ ತಿರುಗಿ ಪ್ರಶ್ನೆಯಾಗಿ ನಿಂತಿತು. ಪ್ರೌಢೆಯಾದ ಜಕ್ಕಿಯಬ್ಬೆ ಎಪ್ಪತ್ತು ಹಳ್ಳಿಗಳನ್ನು ಆಳಿ ತೆಗೆದುಕೊಂಡ ನಿರ್ಧಾರವನ್ನು ಶಾಲೆಗೆ ಹೋಗುವ ಹುಡುಗಿಯ ಉಪವಾಸಕ್ಕೆ ನಿದರ್ಶನವಾಗಿ ತೋರಿಸಲು ಬಾರದು.

ಯಲಹಂಕ, ಆರ್.ಟಿ. ನಗರಗಳ ಜೈನ ಗೃಹಿಣಿಯರು ಇಂದು ಮತ ಚಲಾಯಿಸುತ್ತಾರೆ, ವ್ಯಾಪಾರದ ಲೆಕ್ಕ ನೋಡುತ್ತಾರೆ, ಕಚೇರಿಗೂ ಹೋಗುತ್ತಾರೆ. ಕರ್ನಾಟಕವು 1983ರ ಕಾಯಿದೆಯ ಮೂಲಕ ಮಂಡಲ ಪಂಚಾಯಿತಿಗಳಲ್ಲಿ ಸ್ತ್ರೀಯರಿಗೆ ಶೇಕಡ 25 ಸ್ಥಾನಗಳನ್ನು ಮೀಸಲಿಟ್ಟಾಗ ಹೊಸದೆಂದು ಅಚ್ಚರಿಪಟ್ಟವರಿದ್ದರು. ನಾಗರಖಂಡದ ನಾಳ್ಗಾವುಂಡಿಯ ಶಾಸನವು ಆ ವೇಳೆಗೆ ಸಾವಿರ ವರ್ಷ ದಾಟಿತ್ತು. ಪರ್ವದ ದಿನಗಳಲ್ಲಿ ತಪಸ್ವಿನಿಯರನ್ನು ಸನ್ಮಾನಿಸುವ ಬಸದಿಗಳ ಟ್ರಸ್ಟುಗಳು ಉಪವಾಸದ ದಿನಗಳನ್ನು ತಪ್ಪದೆ ಎಣಿಸುತ್ತವೆ. ವ್ರತ ಹಿಡಿಯುವ ಮುನ್ನ ಅವಳ ಮನಸ್ಸೇನಿತ್ತೆಂದು ಅವಳನ್ನೇ ಕೇಳಿ ಬರೆದಿಡುವ ಪುಸ್ತಕ ಎಷ್ಟು ಟ್ರಸ್ಟುಗಳಲ್ಲಿದ್ದೀತು?