ನಡುಗಡಲಿನ ನಿರ್ಜನ ನೌಕೆ

1872ನೆಯ ಇಸವಿ ಡಿಸೆಂಬರ್ 4. ಅಟ್ಲಾಂಟಿಕ್ ಮಹಾಸಾಗರದಲ್ಲಿ, ಅಜೋರ್ಸ್ ದ್ವೀಪಗಳಿಗೂ ಪೋರ್ಚುಗಲ್ ತೀರಕ್ಕೂ ನಡುವೆ, ಹಾಯಿಗಳು ಅಸ್ತವ್ಯಸ್ತಗೊಂಡು ತೇಲುತ್ತಿದ್ದ ಹಡಗೊಂದು 'ಡೇಯಿ ಗ್ರೇಶಿಯಾ' ನೌಕೆಯವರ ಕಣ್ಣಿಗೆ ಬಿದ್ದಿತು. ಹತ್ತಿ ನೋಡಿದರೆ ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಅದೇ 'ಮೇರಿ ಸೆಲೆಸ್ಟ್'.

ಆ ಹಡಗು ನವೆಂಬರ್ 7ರಂದು ನ್ಯೂಯಾರ್ಕಿನಿಂದ 1,701 ಪೀಪಾಯಿ ಮದ್ಯಸಾರವನ್ನು ಹೇರಿಕೊಂಡು ಇಟಲಿಯ ಜಿನೋವಾಕ್ಕೆ ಹೊರಟಿತ್ತು. ಕಪ್ತಾನ ಬೆಂಜಮಿನ್ ಬ್ರಿಗ್ಸ್, ಪತ್ನಿ ಸಾರಾ, ಎರಡು ವರ್ಷದ ಮಗಳು ಸೋಫಿಯಾ, ಏಳು ಮಂದಿ ನಾವಿಕರು, ಹೀಗೆ ಒಟ್ಟು ಹತ್ತು ಜೀವಗಳು. ಏಳು ವರ್ಷದ ಮಗನನ್ನು ವಿದ್ಯಾಭ್ಯಾಸದ ಸಲುವಾಗಿ ಅಜ್ಜಿಯ ಬಳಿ ಬಿಟ್ಟು ಬಂದಿದ್ದರು. ದಿನಚರಿಯ ಕೊನೆಯ ನಮೂದು ನವೆಂಬರ್ 25ರದು. ಸರಕೂ ಆಹಾರ ಸಾಮಗ್ರಿಯೂ ಇದ್ದವು; ತಳದಲ್ಲಿ ಸುಮಾರು ಮೂರೂವರೆ ಅಡಿ ನೀರಿತ್ತು. ಸಣ್ಣ ದೋಣಿ, ಪಥ ನಿರ್ಣಯಿಸುವ ಉಪಕರಣಗಳು ಮಾತ್ರ ಇರಲಿಲ್ಲ. ಆ ಹತ್ತು ಮಂದಿಯ ಸುಳಿವು ಮತ್ತೆಂದೂ ದೊರೆಯಲಿಲ್ಲ.

ಹಡಗನ್ನು ಕಂಡವರು ಅದನ್ನು ಜಿಬ್ರಾಲ್ಟರ್ ಬಂದರಿಗೆ ತಲುಪಿಸಿದರು. ಇಂಥ ರಕ್ಷಣೆಗೆ ಬಹುಮಾನ ಸಲ್ಲುವುದು ನೌಕಾ ವ್ಯಾಪಾರದ ನಿಯಮ. ಆದರೆ ಅಲ್ಲಿಯ ಸರ್ಕಾರಿ ವಕೀಲ ಫ್ರೆಡರಿಕ್ ಸಾಲಿ ಫ್ಲಡ್ ಕೊಲೆಯ ಸಂದೇಹವನ್ನೆತ್ತಿದನು. ಕತ್ತಿಯ ಮೇಲಿನ ಕಲೆಗಳನ್ನು ರಕ್ತವೆಂದು ಶಂಕಿಸಿದನು. ರಾಸಾಯನಿಕ ಪರೀಕ್ಷೆ ಅದು ರಕ್ತವಲ್ಲವೆಂದಿತು. ಯಾವ ಅಪರಾಧವೂ ಸಿದ್ಧವಾಗಲಿಲ್ಲ. ಆದರೂ 1873ರಲ್ಲಿ ದೊರೆತ ಬಹುಮಾನ 1,700 ಪೌಂಡುಗಳು. ಹಡಗು ಮತ್ತು ಸರಕಿನ ಬೆಲೆಯ ಸುಮಾರು ಐದರಲ್ಲೊಂದು ಪಾಲು. ಸಂದೇಹದ ಕಳಂಕ ಮಾತ್ರ ಅಳಿಯಲಿಲ್ಲ.

ಮುಂದೆ 1884ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಇದೇ ಘಟನೆಯನ್ನಾಧರಿಸಿ ಕೊಲೆಯ ಕಥೆಯೊಂದನ್ನು ಬರೆದನು. ಅದರಲ್ಲಿ ದೋಣಿಗಳು ಹಡಗಿನಲ್ಲೇ ಉಳಿದಿದ್ದವು. ಮೇಜಿನ ಮೇಲೆ ಇನ್ನೂ ಬಿಸಿಯಾದ ಚಹಾ ಇತ್ತೆಂಬ ಮಾತೂ ಕಾಲಕ್ರಮದಲ್ಲಿ ಸೇರಿಕೊಂಡಿತು. ಕಲ್ಪನೆಯೇ ಇತಿಹಾಸವೆಂದು ಪ್ರಚಾರ ಪಡೆಯಿತು.

ಜಿನೋವಾದಲ್ಲಿ ಸರಕನ್ನು ಇಳಿಸಿದಾಗ ಒಂಬತ್ತು ಪೀಪಾಯಿಗಳು ಬರಿದಾಗಿದ್ದವು. ಸೋರಿದ ಮದ್ಯಸಾರದ ಆವಿಯಿಂದ ಸ್ಫೋಟವಾದೀತೆಂಬ ಭಯದಿಂದ ಕಪ್ತಾನನು ಎಲ್ಲರನ್ನೂ ದೋಣಿಗೆ ಇಳಿಸಿರಬಹುದೆಂದು ಕೆಲವರು ಊಹಿಸುತ್ತಾರೆ. ಆವಿಯ ಜ್ವಾಲೆ ಸುಟ್ಟ ಗುರುತನ್ನೇ ಉಳಿಸದೆ ಭುಗಿಲೇಳಬಲ್ಲದೆಂದು ಲಂಡನ್ನಿನ ರಸಾಯನಶಾಸ್ತ್ರಜ್ಞ ಆಂಡ್ರಿಯಾ ಸೆಲ್ಲಾ 2006ರಲ್ಲಿ ಪ್ರಯೋಗದಿಂದ ತೋರಿಸಿದರು. ಇದು ಸಂಭವನೀಯ, ಆದರೆ ಸಂಭವ ಬೇರೆ, ಸಿದ್ಧಿ ಬೇರೆ.

ಈ ವೃತ್ತಾಂತವನ್ನು ಓದಿದಾಗಲೆಲ್ಲ ನನ್ನ ಅಂಗಡಿಯ ಒಂದು ಸಂಗತಿ ನೆನಪಾಗುತ್ತದೆ. ಒಮ್ಮೆ ನಗದಿನಲ್ಲಿ 540 ರೂಪಾಯಿ ಕಡಿಮೆ ಬಂದಿತು. ನನ್ನ ದೃಷ್ಟಿ ಗುಮಾಸ್ತನ ಮೇಲೆ ಹೋಯಿತು, ಬಾಯಿಬಿಟ್ಟು ಆಡಿಯೂಬಿಟ್ಟೆ. ಮೂರು ದಿನಗಳ ಬಳಿಕ ತಪ್ಪು ಸಿಕ್ಕಿತು: ಸಂದಾಯ ಮಾಡಿದ 930 ರೂಪಾಯಿಯನ್ನು ನಾನೇ 390 ಎಂದು ಬರೆದಿದ್ದೆ. ಲೆಕ್ಕ ತಾಳೆಯಾಯಿತು. ಆದರೆ ಆ ಮೂರು ದಿನ ತಲೆ ತಗ್ಗಿಸಿ ದುಡಿದ ಮನುಷ್ಯನಿಗೆ ನಾನು ಯಾವ ಖಾತೆಯಿಂದ ಏನನ್ನು ಹಿಂದಿರುಗಿಸಲಿ?

ಕಾರಣ ತಿಳಿಯದಾಗ 'ತಿಳಿಯದು' ಎನ್ನುವುದೂ ಸತ್ಯವಚನವೇ. ಆ ಬರಿದಾದ ಜಾಗವನ್ನು ಊಹೆಯಿಂದ ತುಂಬಲು ಹೊರಟವನು, ಅಲ್ಲಿ ಒಬ್ಬ ನಿರಪರಾಧಿಯ ಹೆಸರನ್ನು ಬರೆಯುತ್ತಿರಬಹುದೆಂಬುದನ್ನು ಮರೆಯಬಾರದು.